ಉಜ್ಜಲು ಬಿಟ್ಟ ಕೂದಲೆಳೆ

ಸಾದಲಿಯ ಪಿಳ್ಳಪ್ಪನ ಕೈ ನಡುಗುತ್ತದೆ ಎನ್ನುವುದು ಊರಿಗೆ ಗೊತ್ತಾಗುವುದಕ್ಕೆ ಮೊದಲು ಒಂದು ತೆಳು ಹಲಗೆಗೆ ಗೊತ್ತಾಯಿತು.

ಬೆಳಗಿನ ಬಿಸಿಲು ಜಗಲಿಯ ಅರ್ಧಕ್ಕೆ ಬಂದಿತ್ತು. ತೊಡೆಯ ಮೇಲೆ ಮಣೆ, ಮಣೆಯ ಮೇಲೆ ಹಪ್ಪಳದಷ್ಟು ತೆಳುವಾದ ಬಾಲ್ಸಾ ಮರದ ಹಲಗೆ, ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೀಟಿದ ಮೀನಿನಂಥ ಒಂದು ಆಕಾರ. ಬ್ಲೇಡು ಮೀನಿನ ಬೆನ್ನು ಹಿಡಿದು ಅರ್ಧ ದಾರಿ ಸರಾಗವಾಗಿ ಬಂತು. ಅಲ್ಲಿ ಬಲಗೈ ಯಾರೋ ಗದರಿಸಿದಂತೆ ಬೆದರಿತು. ಬ್ಲೇಡು ಗೀಟು ದಾಟಿ ಹೊಟ್ಟೆಗೆ ಇಳಿಯಿತು. ಹಲಗೆ ಸೀಳಿತು.

ಒಳಗಿನಿಂದ ಹೆಂಡತಿ ಓಬಳಮ್ಮ ಮೊರದಲ್ಲಿ ಅವರೆಕಾಳು ಹಿಡಿದುಕೊಂಡು ಬಂದಳು.

"ಮತ್ತೆ ಹೋಯ್ತಾ?"

"ಹಲಗೆ ಸರಿಯಿಲ್ಲ."

"ನೆನ್ನೆ ಬ್ಲೇಡ್ ಸರಿಯಿರ್ಲಿಲ್ಲ. ಮೊನ್ನೆ ಬೆಳಕು ಸರಿಯಿರ್ಲಿಲ್ಲ. ಇನ್ನು ಉಳ್ದಿರೋಳು ನಾನೊಬ್ಳು. ನಾಳೆ ನನ್ಮೇಲೆ ಹಾಕು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆಯನ್ನು ಪಿಳ್ಳಪ್ಪನೂ ಹತ್ತು ಜನಕ್ಕೆ ಹೇಳಿದವನೇ. ದೂರಲು ಇನ್ನು ನೆಲ ಉಳಿದಿರಲಿಲ್ಲ. ಬಲಗೈಯನ್ನು ಕಣ್ಣೆದುರು ಚಾಚಿ ನೋಡಿದ. ಗಾಳಿಯೇ ಇಲ್ಲದಾಗಲೂ ಅರಳಿ ಎಲೆ ಅಲ್ಲಾಡುತ್ತದಲ್ಲ, ಹಾಗೆ ಬೆರಳ ತುದಿಗಳು ಅಲ್ಲಾಡುತ್ತಿದ್ದವು. ಶಿಡ್ಲಘಟ್ಟದ ಡಾಕ್ಟರು ಆಗಲೇ ಹೇಳಿದ್ದರು: ವಯಸ್ಸಿನದು, ಪ್ರಾಣಕ್ಕೇನೂ ಭಯವಿಲ್ಲ, ಆದರೆ ಬಂದದ್ದು ವಾಪಸು ಹೋಗುವುದಿಲ್ಲ. ಪ್ರಾಣದ ಮಾತು ಪಿಳ್ಳಪ್ಪ ಕೇಳಿಯೇ ಇರಲಿಲ್ಲ. ಅವನು ಕೇಳಿದ್ದು ಕೈಯ ಮಾತು.

ಕೈ ಹೋದರೆ ಅವನಲ್ಲಿ ಉಳಿಯುವುದು ಏನು ಎನ್ನುವುದಕ್ಕೆ ಅವನ ಕಥೆ ಸ್ವಲ್ಪ ಹೇಳಬೇಕು. ಪಿಳ್ಳಪ್ಪ ಎಸ್ಸೆಸ್ಸೆಲ್ಸಿಯ ಹೊಸ್ತಿಲು ದಾಟಿದವನಲ್ಲ. ಅಪ್ಪನ ಹೊಲದಲ್ಲಿ ರಾಗಿ, ಅವರೆ ಬೆಳೆದ. ಕೊಳವೆಬಾವಿ ಬಂದ ಮೇಲೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕಿದ. ಮೀಸೆ ಕಪ್ಪಗಿದ್ದ ಕಾಲದಲ್ಲಿ ಒಮ್ಮೆ ಹುಳುವಿನ ತಟ್ಟೆಗೆ ಹಾಸಲು ಹಳೇ ಪೇಪರು ತರಲೆಂದು ಶಿಡ್ಲಘಟ್ಟಕ್ಕೆ ಹೋದವನಿಗೆ ರದ್ದಿ ರಾಶಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಓದಲು ಬರಲಿಲ್ಲ, ಚಿತ್ರ ಓದಿದ. ರಬ್ಬರಿನ ಎಳೆ ಸುತ್ತಿ ಬಿಟ್ಟರೆ ಮುಂದಿನ ಫ್ಯಾನು ತಿರುಗಿ ಹಾರಿಹೋಗುವ ಪುಟ್ಟ ವಿಮಾನಗಳ ಚಿತ್ರ. ಮೊದಲನೆಯದನ್ನು ಬೇಲಿ ಕತ್ತಾಳೆಯ ಒಣಗಿದ ಹೂಗಂಬವನ್ನು ಸೀಳಿ ಮಾಡಿದ. ಕತ್ತಾಳೆ ಕಂಬ ಹತ್ತಿಯಷ್ಟು ಹಗುರ. ವಿಮಾನ ಹಾರಿ ಗೌಡರ ಹಟ್ಟಿಯ ಹೆಂಚಿನ ಮೇಲೆ ಕೂತಿತು. ಊರು ನಕ್ಕಿತು. ನಕ್ಕವರೇ ಮಾರನೇ ದಿನ ಇನ್ನೊಂದು ಸಲ ಬಿಡು ಎಂದರು.

ಅಲ್ಲಿಂದ ಇಲ್ಲಿಯವರೆಗೆ ಯಾವ ಗುರುವಿನ ಕಾಲಿಗೂ ಬೀಳದೆ ಕಲಿತ ವಿದ್ಯೆ ಅದು. ರೆಕ್ಕೆಯೊಳಗೆ ಸಾಲಾಗಿ ನಿಲ್ಲುವ ಮೀನಿನಾಕಾರದ ತುಂಡುಗಳಿಗೆ ಪಕ್ಕೆ ಎಂದು ಅವನೇ ಹೆಸರಿಟ್ಟ. ಪಕ್ಕೆಗಳನ್ನು ಪೋಣಿಸಿಕೊಂಡು ರೆಕ್ಕೆಯ ಉದ್ದಕ್ಕೂ ಹೋಗುವ ಕಡ್ಡಿಗೆ ತೊಲೆ ಎಂದ. ತೊಲೆ ಕೂರಲು ಪಕ್ಕೆಯಲ್ಲಿ ಕೊರೆಯುವ ಸಂದಿಗೆ ಕಚ್ಚು ಎಂದ. ಬಾಲ್ಸಾ ಎಂಬ ಮರ ಬೆಂಗಳೂರಿನಲ್ಲಿ ಸಿಗುತ್ತದೆ ಎಂದು ಗೊತ್ತಾದ ಮೇಲೆ ಕತ್ತಾಳೆ ಬಿಟ್ಟ. ಈಗ ಎತ್ತಿಕೊಂಡಿದ್ದು ಎಲ್ಲಕ್ಕಿಂತ ದೊಡ್ಡದು. ಎರಡೂ ತೋಳು ಚಾಚಿದರೆ ಎಷ್ಟೋ ಅಷ್ಟು ಉದ್ದದ ರೆಕ್ಕೆ. ಸಾದಲಿ ಕೆರೆಯ ಅಂಗಳ ಒಣಗಿರುವಾಗಲೇ, ಗಾಳಿ ಮಲಗಿರುವ ಮಾಘದ ಬೆಳಗುಗಳಲ್ಲೇ ಅದನ್ನು ಹಾರಿಸಬೇಕು ಎಂದು ಹಟ ಹಿಡಿದಿದ್ದ. ಪಕ್ಕೆಗಳೇ ಆಗಲಿಲ್ಲ ಎಂದರೆ ಅದೊಂದು ವಿಮಾನ ಮಾತ್ರ ಅಲ್ಲ, ವಿಮಾನ ಮಾಡುವ ಪಿಳ್ಳಪ್ಪನೇ ಮುಗಿದ ಹಾಗೆ.

ದಾರಿ ತೋರಿಸಿದವಳು ಸೊಸೆ ಚೈತ್ರ. ಮಗ ಮುನೇಶ್ ಹಾಲಿನ ಡೇರಿಯ ಕೆಲಸಕ್ಕೆ ಹೋದರೆ ಹುಳುವಿನ ಮನೆಯೆಲ್ಲ ಅವಳದೇ ದರ್ಬಾರು. ಸೊಪ್ಪು ತುಂಬಿಕೊಂಡು ಬಂದವಳು ಸೀಳಿದ ಹಲಗೆ ನೋಡಿ ನಿಂತಳು.

"ಮಾವ, ಇದನ್ನ ಲೇಸರ್‌ನಲ್ಲಿ ಕಟ್ ಮಾಡಿಸ್ಬಾರ್ದಾ? ನಮ್ಮಕ್ಕನ ಮಗುನ ನಾಮಕರಣಕ್ಕೆ ಹೆಸರಿನ ಬೋರ್ಡ್ ಮಾಡ್ಸಿದ್ರು. ಮರದ್ದು. ಬಳ್ಳಿ, ಎಲೆ, ಎಲ್ಲ ಕೂದಲಷ್ಟು ಸಣ್ಣಗೆ ಕೊಯ್ದಿದ್ರು."

"ಲೇಸರ್ ಅಂದ್ರೆ ಕಣ್ಣಿಗೆ ಬಿಡ್ತಾರಲ್ಲ, ಅದಾ?"

"ಅದರ ಅಣ್ಣ. ಬೆಳಕಲ್ಲೇ ಸುಟ್ಟು ಕೊಯ್ತದಂತೆ. ಕೈಯೇ ತಾಗ್ಸಲ್ಲ."

ಕೈಯೇ ತಾಗಿಸಲ್ಲ. ಆ ಮಾತು ಪಿಳ್ಳಪ್ಪನಿಗೆ ಮುಳ್ಳಿನಂತೆಯೂ ನಾಟಿತು, ಮದ್ದಿನಂತೆಯೂ ಇಳಿಯಿತು. ಮಾರನೇ ಬೆಳಿಗ್ಗೆ ಪಕ್ಕೆಗಳ ನಕ್ಷೆಯನ್ನು ಸುರುಳಿ ಸುತ್ತಿ, ಬಾಲ್ಸಾ ಹಲಗೆಗಳನ್ನು ಹಳೇ ಪಂಚೆಯಲ್ಲಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದ. ಟೀ ಅಂಗಡಿಯ ಬೆಂಚಿನ ಮೇಲೆ ಜೊತೆಗಾರ ಮುನಿಗಂಗಪ್ಪ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಚಡ್ಡಿ ಹಾಕುವ ಕಾಲದಿಂದ ಗೆಳೆಯ. ಬಾಯಿ ಮಾತ್ರ ಶತ್ರುವಿನದು.

"ಏಮಪ್ಪಾ ಪಿಳ್ಳಪ್ಪ, ಮಗುನ ಎತ್ಕೊಂಡು ಎಲ್ಲಿಗೆ? ಚುಚ್ಚುಮದ್ದಾ?"

"ಪಕ್ಕೆ ಕೊಯ್ಸೋಕೆ."

"ಅದುಕ್ಕೆ ಕಟುಕರ ಅಂಗಡಿ ಇಲ್ಲೇ ಐತಲ್ಲೋ!"

ಬಸ್ಸು ಬಂದದ್ದು ಒಳ್ಳೆಯದಾಯಿತು.

ಶಿಡ್ಲಘಟ್ಟದಲ್ಲಿ ಲೇಸರ್ ಎಂದು ಬೋರ್ಡು ಹಾಕಿದ್ದು ಒಂದು ಪಾತ್ರೆ ಅಂಗಡಿ. ಮದುವೆಗೆ ಕೊಡುವ ಚೊಂಬು ತಟ್ಟೆಗಳ ಮೇಲೆ ಹೆಸರು ಬರೆಯುವ ಮಿಷನ್ನು. "ಹೆಸರು ಬೇಕಾದ್ರೆ ಹಾಕ್ತೀವಿ ಯಜಮಾನ್ರೇ, ಕೊಯ್ಯಲ್ಲ" ಎಂದರು. ಗೌರಿಬಿದನೂರಿನ ಕಾರ್ಖಾನೆಗಳ ಕಡೆ ದೊಡ್ಡ ಮಿಷನ್ನಿದೆ ಎಂದು ಯಾರೋ ಹೇಳಿದರು. ಮತ್ತೊಂದು ದಿನ ಅಲ್ಲಿಗೂ ಹೋದ. ಅದು ಉಕ್ಕಿನ ತಗಡನ್ನು ಬೆಣ್ಣೆಯಂತೆ ಕೊಯ್ಯುವ ರಾಕ್ಷಸ. ಮೇಸ್ತ್ರಿ ಒಳ್ಳೆಯವನು, ಬಾಲ್ಸಾ ಹಲಗೆಯನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿ ನಕ್ಕ.

"ಅಜ್ಜಾ, ನಮ್ಮ ಮಿಷನ್ ಕೊಯ್ಯೋವಾಗ ಗಾಳಿ ಬೇರೆ ಊದ್ತದೆ. ಇದನ್ನ ಅದರ ಮುಂದೆ ಇಟ್ರೆ ಪಕ್ಕೆ ಆಗೋಕ್ ಮುಂಚೆ ಹಾರ್ಕೊಂಡು ಹಿಂದೂಪುರ ಸೇರ್ತದೆ."

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬೇಡವೆಂದು ಪಿಳ್ಳಪ್ಪನೂ ನಕ್ಕು ಎದ್ದ. ನಗದೇ ಬಂದದ್ದು ಚಿಕ್ಕಬಳ್ಳಾಪುರದಿಂದ. ಅಲ್ಲಿ ಅಂಗಡಿಗಳ ನಾಮಫಲಕಕ್ಕೆ ಅಕ್ಷರ ಕೊಯ್ಯುವವನೊಬ್ಬ "ಓ, ಮಾಡಣ ಬನ್ನಿ" ಎಂದು ತುಂಬ ಸಲೀಸಾಗಿ ಒಪ್ಪಿಕೊಂಡ. ನಕ್ಷೆಯ ಫೋಟೋ ಹೊಡೆದ, ಹಲಗೆ ಒಳಗೆ ಹಾಕಿದ, ದಪ್ಪ ಹಲಗೆಗೆ ಇಡುವ ಬಿಸಿಯನ್ನೇ ಇಟ್ಟ. ಪೆಟ್ಟಿಗೆಯೊಳಗಿನಿಂದ ಹೊಗೆ ಎದ್ದಿತು. ಹೊರಗೆ ಬಂದದ್ದು ಪಕ್ಕೆಯಲ್ಲ, ಹೆಂಚಿನ ಮೇಲೆ ಮರೆತ ರೊಟ್ಟಿ. ಒಂದೊಂದರ ಅಂಚೂ ಕರಕಲು.

"ಸ್ವಲ್ಪ ಕಪ್ಪಾಗಿದೆ. ಪೇಂಟ್ ಹೊಡೆದ್ರೆ ಕಾಣಲ್ಲ ಬಿಡಿ" ಎಂದ ಅವನು.

"ಪೇಂಟಿನ ಭಾರಕ್ಕೆ ಅದು ಹಾರಲ್ಲ ಬಿಡಪ್ಪ" ಎಂದ ಪಿಳ್ಳಪ್ಪ.

ಬಸ್ಸಿನಲ್ಲಿ ಸ್ಕಂದಗಿರಿ ಬೆಟ್ಟ ಹತ್ತಿ ಇಳಿದ ಹುಡುಗರು ಕೂಗಾಡಿಕೊಂಡು ಕೂತಿದ್ದರು. ಅವರ ನಡುವೆ ಅವನು ಸುಟ್ಟ ಪಕ್ಕೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಮನೆಗೆ ಬಂದಾಗ ಓಬಳಮ್ಮ ಮೂಗು ಮುಚ್ಚಿಕೊಂಡು, "ನಾಕೂರು ಸುತ್ತಿ ಸುಟ್ಟ ಕಡ್ಡಿ ತಂದ" ಎಂದಳು. ಪಿಳ್ಳಪ್ಪ ಊಟಕ್ಕೆ ಕೂತ. ಮುದ್ದೆ ಮುರಿಯುತ್ತ ಸೊಸೆಯನ್ನು ಕೇಳಿದ: "ನಿಮ್ಮಕ್ಕನ ಮಗೂದು ಬೋರ್ಡು ಕೊಯ್ದಿದ್ದು ಯಾವೂರಲ್ಲಿ?"

"ಚಿಂತಾಮಣಿ ಮಾವ."

"ಅದನ್ನ ಮೊದ್ಲೇ ಹೇಳೋದಲ್ವೇನಮ್ಮ!"

"ನೀವೆಲ್ಲಿ ಕೇಳಿದ್ರಿ? ಬೋರ್ಡು ಅನ್ನೋಷ್ಟರಲ್ಲಿ ಪಂಚೆ ಕಟ್ತಿದ್ರಿ."

ಚಿಂತಾಮಣಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಲಾವಣ್ಯ ಎಂಬ ಹೆಣ್ಣುಮಗಳ ಅಂಗಡಿ. ಮದುವೆ ಸ್ಟೇಜಿನ ಹೆಸರುಗಳು, ಆರತಿ ತಟ್ಟೆಯ ಅಲಂಕಾರ, ಮುರುಗಮಲ್ಲದ ದರ್ಗಾ ಮುಂದಿನ ಅಂಗಡಿಗಳಿಗೆ ಮರದ ಕೀಚೈನು. ಗೋಡೆ ತುಂಬ ತೂಗಾಡುತ್ತಿದ್ದವು. ಮನೆಮಾತು ತೆಲುಗು. ಮೂವತ್ತರ ಆಸುಪಾಸು, ಮಾತು ಚುರುಕು.

"ಕೂರ್ಚೋಂಡಿ ತಾತಾ. ಫೈಲ್ ತಂದಿದೀರಾ?"

"ಫೈಲಿಲ್ಲಮ್ಮ. ಗೀಟಿದೆ."

ಅವಳು ನಕ್ಷೆ ಬಿಚ್ಚಿದಳು. ಮುಖ ಹತ್ತಿರ ತಂದು ನೋಡಿದಳು. ಆಮೇಲೆ ಹಲಗೆ ಎತ್ತಿಕೊಂಡಳು.

"ಅಬ್ಬಾ, ಏನು ಹಗುರ! ಇಂಥದ್ದು ನಾನು ಯಾವತ್ತೂ ಕೊಯ್ದಿಲ್ಲ. ಮುರಿದಿರೋದು ಏನಾದ್ರೂ ಇದ್ರೆ ಒಂದು ಚೂರು ಕೊಡಿ. ಒಳ್ಳೇದು ಬೇಡ. ಮೊದ್ಲು ಇದರ ಸ್ವಭಾವ ನೋಡ್ಬೇಕು."

ಆ ಮಾತು ಕೇಳಿಯೇ ಪಿಳ್ಳಪ್ಪ ಬೆನ್ನು ಆನಿಸಿ ಕೂತ. ಹೊಸ ಎತ್ತು ತಂದರೆ ನೇಗಿಲಿಗೆ ಕಟ್ಟುವ ಮುಂಚೆ ಬೆನ್ನು ಸವರಿ ನೋಡುವವರ ಮಾತು ಅದು. ಲಾವಣ್ಯ ಚೂರಿನ ಮೇಲೆ ಸಣ್ಣ ಸಣ್ಣ ಚೌಕ ಕೊಯ್ದಳು. ಒಂದು ಕರಕಲಾಯಿತು. ಬಿಸಿ ಇಳಿಸಿದಳು, ಕೊಯ್ಯದೇ ಅಂಟಿಕೊಂಡಿತು. ಬೆಳಕಿನ ಓಟ ಹೆಚ್ಚಿಸಿದಳು, ಮತ್ತೆ ಬಿಸಿ ಏರಿಸಿದಳು. ಕೊನೆಗೊಂದು ಚೌಕ ತಾನಾಗಿ ಕಳಚಿ ಬಿತ್ತು. ಅಂಚು ಹುರಿದ ಕಡಲೆಕಾಯಿ ಬೀಜದ ಸಿಪ್ಪೆಯ ಬಣ್ಣ.

"ಸಿಕ್ತು" ಎಂದಳು, ಮೀನು ಹಿಡಿದವಳ ಹಾಗೆ.

ನಕ್ಷೆಯನ್ನು ಸ್ಕ್ಯಾನ್ ಮಾಡಿ, ಪಕ್ಕೆಗಳನ್ನು ಕಂಪ್ಯೂಟರಿನಲ್ಲಿ ಹಲಗೆಯ ಮೇಲೆ ಜೋಡಿಸಿದಳು. ಜಾಗ ಉಳಿಸಲೆಂದು ಎರಡನ್ನು ಅಡ್ಡ ಮಲಗಿಸಿದಾಗ ಪಿಳ್ಳಪ್ಪ ತಡೆದ. "ಅಡ್ಡ ಬೇಡಮ್ಮ. ಮರದ ನಾರು ಪಕ್ಕೆಯ ಉದ್ದಕ್ಕೆ ಹೋಗ್ಬೇಕು. ಅಡ್ಡ ಬಂದ್ರೆ ಮುಟ್ಟಿದ್ರೆ ಮುರೀತದೆ." ಅವಳು ತಲೆಯಾಡಿಸಿ ನೆಟ್ಟಗೆ ಮಾಡಿದಳು. ಪೆಟ್ಟಿಗೆಯೊಳಗೆ ಬೆಳಕು ಉಗುಳುವ ಮೂತಿಯೊಂದು ಹಲಗೆಯ ಮೇಲೆ ಓಡಾಡಿತು. ಪಕ್ಕೆಗಳು ಒಂದರ ಹಿಂದೆ ಒಂದು, ಅಕ್ಕತಂಗಿಯರಂತೆ, ಬಿಡಿಸಿಕೊಂಡು ಬಂದವು. ಪಿಳ್ಳಪ್ಪನ ಕಣ್ಣು ತುಂಬಿತೋ ಹೊಗೆ ಹೋಯಿತೋ, ಪಂಚೆಯಂಚಿನಲ್ಲಿ ಒರೆಸಿಕೊಂಡ.

ಮನೆ ಬಾಗಿಲಲ್ಲಿ ಚೈತ್ರ ಕೈ ಅಡ್ಡ ಹಿಡಿದಳು.

"ಮಾವ, ಅಲ್ಲೇ ನಿಲ್ಲಿ! ಚೀಲದಲ್ಲಿ ಸುಟ್ಟ ವಾಸನೆ. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು ಸೊಪ್ಪಿಗೆ ಬಾಯಿ ಹಾಕಿದಾವೆ. ನಾನು ಮನೇಲಿ ಊದಿನಕಡ್ಡಿ ಹಚ್ಚಲ್ಲ, ಒಗ್ಗರಣೆ ಬಾಗಿಲು ಮುಚ್ಚಿ ಹಾಕ್ತೀನಿ. ನೀವು ಹೊಗೆ ಹೊತ್ಕೊಂಡು ಬಂದಿದೀರಾ?"

ಹುಳು ಸಾಕುವ ಮನೆಯಲ್ಲಿ ಹೊಗೆಗೆ ಜಾಗವಿಲ್ಲ ಎನ್ನುವುದನ್ನು ಅವಳಿಗೆ ಕಲಿಸಿದವನೇ ಅವನು. ಚೀಲ ಎತ್ತಿಕೊಂಡು ತೋಟದ ಪಂಪಿನ ಮನೆಗೆ ಹೋದ. ಅಲ್ಲೇ ಹಲಗೆ ಹಾಸಿ, ನಕ್ಷೆ ಅಂಟಿಸಿ, ತೊಲೆ ಇಟ್ಟು, ಮೊದಲ ಪಕ್ಕೆ ಎತ್ತಿಕೊಂಡ.

ತೊಲೆ ಕಚ್ಚಿಗೆ ಇಳಿಯಲಿಲ್ಲ.

ಮೆಲ್ಲಗೆ ಒತ್ತಿದ. ಇಳಿಯಲಿಲ್ಲ. ಇನ್ನೂ ಒಂಚೂರು ಒತ್ತಿದ. ಪಕ್ಕೆ ಟಕ್ಕೆಂದು ಎರಡಾಯಿತು. ಇನ್ನೊಂದು ಎತ್ತಿಕೊಂಡ, ಅದೂ ಹಾಗೇ. ಹೊರಗಿನ ಅಳತೆ ನೋಡಿದರೆ ಎಲ್ಲವೂ ಒಂದಿಷ್ಟು ದೊಡ್ಡವು. ಮರಳು ಕಾಗದ ತೆಗೆದುಕೊಂಡು ಉಜ್ಜಲು ಹೋದ. ಕೈ ನಡುಗಿ ಬೆನ್ನಿನ ಗೀಟು ಅಲೆಯಲೆಯಾಯಿತು. ಎಲ್ಲ ಬಿಟ್ಟು ಪಂಪಿನ ಕಟ್ಟೆಯ ಮೇಲೆ ಕೂತುಬಿಟ್ಟ.

ತೋಟದ ದಾರಿಯಲ್ಲಿ ಬಂದ ಮುನಿಗಂಗಪ್ಪ ಇಣುಕಿ ನೋಡಿದ. ಅವನಿಗೂ ಗೇಲಿ ಬೇಡವಾಯಿತು.

"ಬಿಟ್ಬಿಡೋ ಪಿಳ್ಳಪ್ಪ. ಕೈ ಮಾಡ್ದಷ್ಟು ಮಾಡ್ತು. ನನ್ನ ಮಂಡಿ ನೋಡು, ಗುಡ್ಡ ಹತ್ತು ಅಂದ್ರೆ ಹತ್ತತದಾ? ನಾನು ಗುಡ್ಡ ಹತ್ತೋದು ಬಿಟ್ಟೆ."

"ನೀನು ಗುಡ್ಡ ಹತ್ತಿದ್ದು ಯಾವಾಗ್ಲೋ? ಇದು ನನ್ನ ಕೈ ತಪ್ಪಲ್ಲ. ಆ ಹುಡುಗೀದು. ಅವಳ ಮಿಷನ್ದು. ನಾಳೆ ಹೋಗಿ ಕೇಳ್ತೀನಿ."

ಕೇಳಲು ಹೋದವನು ಜಗಳಕ್ಕೇ ನಿಂತ. ಅಂಗಡಿಯಲ್ಲಿ ಮದುವೆ ಮನೆಯವರು ಕೂತಿದ್ದರು, ಅದೂ ಕಾಣಲಿಲ್ಲ.

"ಏನಮ್ಮಾ, ಸರಿಯಾಗಿ ಕೊಯ್ತೀಯ ಅಂತ ನಂಬಿದ್ದೆ! ಪಕ್ಕೆ ದೊಡ್ಡದು ಮಾಡಿದೀಯ, ಕಚ್ಚು ಸಣ್ಣದು ಮಾಡಿದೀಯ!"

ಲಾವಣ್ಯ ಮದುವೆಯವರಿಗೆ "ಐದು ನಿಮಿಷ ಇರಿ" ಎಂದು ಹೇಳಿ, ಅವನ ನಕ್ಷೆಯನ್ನು ಗಾಜಿನ ಮೇಜಿನ ಮೇಲೆ ಬಿಡಿಸಿ, ಉಳಿದಿದ್ದ ಪಕ್ಕೆಯೊಂದನ್ನು ಅದರ ಮೇಲೆ ಇಟ್ಟಳು. ಪಕ್ಕೆ ಗೀಟಿನ ಮೇಲೆ ಗೀಟಾಗಿ ಕೂತಿತು. ಒಂದು ಕಡೆಯೂ ಹೊರಗೆ ಬರಲಿಲ್ಲ, ಒಳಗೆ ಹೋಗಲಿಲ್ಲ.

"ನೀವು ಗೀಟಿದ್ದನ್ನೇ ಅದು ಕೊಯ್ದಿರೋದು ತಾತ. ಬೆಳಕು ಸುಟ್ಟು ತಿನ್ನೋ ಸಂದೀನೂ ಲೆಕ್ಕ ಹಾಕಿ ಬಿಟ್ಟಿದೀನಿ."

ಪಿಳ್ಳಪ್ಪ ಬಗ್ಗಿ ನೋಡಿದ. ಸುತ್ತ ತಿರುಗಿಸಿ ನೋಡಿದ. ಬೇರೆ ಪಕ್ಕೆ ಇಟ್ಟು ನೋಡಿದ. ನೋಡುತ್ತ ನೋಡುತ್ತ ಅವನ ಸಿಟ್ಟು ಇಳಿಯಿತು.

ಎಂದಿನಿಂದಲೂ ಅವನು ಗೀಟುತ್ತಿದ್ದದ್ದು ಪಕ್ಕೆಯನ್ನಲ್ಲ. ಪಕ್ಕೆಗಿಂತ ಒಂದು ಕೂದಲೆಳೆ ಹೊರಗೆ ಗೀಟುತ್ತಿದ್ದ, ಕಚ್ಚನ್ನು ಒಂದು ಕೂದಲೆಳೆ ಒಳಗೆ. ಹಳ್ಳಿಯ ಬಡಗಿಗಳು ಮರ ಕೊಯ್ಯುವಾಗ ಗೀಟು ಬಿಟ್ಟು ಕೊಯ್ದು ಆಮೇಲೆ ಹತ್ತರಿ ಹೊಡೆದು ಸವೆಸುವುದನ್ನು ಚಿಕ್ಕಂದಿನಲ್ಲಿ ನೋಡಿದ್ದ. ಉಜ್ಜಿ ಉಜ್ಜಿ ಕೊನೆಯ ಅಳತೆಗೆ ತರುತ್ತಿದ್ದದ್ದು ಕೈ. ಆ ಅಳತೆ ಯಾವ ಕಾಗದದ ಮೇಲೂ ಇರಲಿಲ್ಲ. ಮಿಷನ್ನಿಗೆ ಅದನ್ನು ಯಾರೂ ಹೇಳಿರಲಿಲ್ಲ.

"ತಪ್ಪು ನಂದೇ ಅಮ್ಮಾ" ಎಂದ. "ಉಜ್ಜೋಕೆ ಅಂತ ಬಿಟ್ಟಿದ್ದೆ."

"ಎಷ್ಟು ಬಿಟ್ಟಿದ್ರಿ?"

"ಕೂದಲೆಳೆಯಷ್ಟು."

"ಯಾರ ಕೂದಲು ತಾತ? ನಿಮ್ದಾ, ನಂದಾ?" ಮದುವೆಯವರು ಕಿಸಕ್ಕೆಂದರು. "ಮಿಷನ್‌ಗೆ ಕೂದಲು ಗೊತ್ತಾಗಲ್ಲ, ನಂಬರ್ ಬೇಕು. ಉಜ್ಜಿ ಮುಗಿಸಿರೋ ಪಕ್ಕೆ ಒಂದು ಇದ್ರೆ ತನ್ನಿ. ಅದನ್ನೇ ಸ್ಕ್ಯಾನ್ ಮಾಡಣ."

ಉಜ್ಜಿ ಮುಗಿಸಿದ ಪಕ್ಕೆ ಅವನಲ್ಲಿ ಇದ್ದದ್ದು ಒಂದೇ ಕಡೆ. ಕೈ ನೆಟ್ಟಗಿದ್ದಾಗ ಕೊನೆಯದಾಗಿ ಮಾಡಿದ ವಿಮಾನ ನಡುಮನೆಯ ತೊಲೆಗೆ ತೂಗುಬಿದ್ದಿತ್ತು. ಅದರ ರೆಕ್ಕೆಯ ಪಕ್ಕೆಗಳೂ ಇವೇ. ಹೊಸ ರೆಕ್ಕೆ ಉದ್ದ ಹೆಚ್ಚು, ಅಷ್ಟೇ. ಮನೆಗೆ ಬಂದವರಿಗೆಲ್ಲ ಓಬಳಮ್ಮ ಬಾಯಲ್ಲಿ ಬೈಯುತ್ತಲೇ ಬೆರಳು ತೋರಿಸುತ್ತಿದ್ದ ವಿಮಾನ ಅದು.

ಪಿಳ್ಳಪ್ಪ ಸ್ಟೂಲು ಹತ್ತಿ ಅದನ್ನು ಇಳಿಸಿದ. ಜಗಲಿಗೆ ತಂದು ರೆಕ್ಕೆಗೆ ಹೊದಿಸಿದ್ದ ಕಾಗದಕ್ಕೆ ಬ್ಲೇಡು ಇಟ್ಟಾಗ ಓಬಳಮ್ಮ ಓಡಿಬಂದಳು.

"ಅಯ್ಯೋ ಅಯ್ಯೋ! ಬುದ್ಧಿ ಗಿದ್ಧಿ ಕೆಟ್ಟಿದೆಯಾ? ಚೆನ್ನಾಗಿರೋದು ಇದೊಂದೇ!"

"ಇಟ್ಕೊಂಡ್ರೆ ಇದೊಂದೇ. ಬಿಚ್ಚಿದ್ರೆ ಇನ್ನೂ ಬರ್ತವೆ."

"ಬರ್ದೇ ಹೋದ್ರೆ?"

"ಬಿತ್ತನೆ ರಾಗೀನ ಮಡಕೆಯಲ್ಲಿ ಇಟ್ಕೊಂಡು ಪೂಜೆ ಮಾಡ್ತೀಯೇನೇ? ಮಣ್ಣಿಗೆ ಹಾಕೋವಾಗ ಯಾರಿಗಾದ್ರೂ ಗ್ಯಾರಂಟಿ ಕೊಟ್ಟಿದಾರಾ?"

ಬ್ಲೇಡು ಹಿಡಿದ ಕೈ ನಡುಗುತ್ತಿತ್ತು. ಕಾಗದದ ಜೊತೆ ಪಕ್ಕೆಯನ್ನೂ ಸೀಳಿಬಿಡುತ್ತದೆ ಎನಿಸಿತು. ಓಬಳಮ್ಮ ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ಎದುರು ಕುಕ್ಕರುಗಾಲಿನಲ್ಲಿ ಕೂತು ಬ್ಲೇಡನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಕೊಡಿಲ್ಲಿ. ಎಲ್ಲಿ ಕೊಯ್ಬೇಕು ಹೇಳು. ಬದನೇಕಾಯಿ ಕೊಯ್ಯೋದು ನಂಗೂ ಬರ್ತದೆ."

ಅವನು ತೋರಿಸಿದಲ್ಲಿ ಅವಳು ಕೊಯ್ದಳು. ಅಂಟು ಬಿಡಿಸುವಾಗ ಎರಡು ಪಕ್ಕೆ ಮುರಿದವು, ಮಿಕ್ಕವು ಇಡಿಯಾಗಿ ಬಂದವು. ಅವನ್ನು ಹತ್ತಿಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ದಾರ ಕಟ್ಟಿ ಕೊಟ್ಟವಳೂ ಅವಳೇ.

ಲಾವಣ್ಯ ಪಕ್ಕೆಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಪರದೆಯ ಮೇಲೆ ಒಂದರ ಮೇಲೊಂದು ಹೇರಿದಳು. ಹೇರಿದಂತೆ ಗೀಟುಗಳು ಹೊಂದಲಿಲ್ಲ. ಒಂದರ ಬೆನ್ನು ಉಬ್ಬು, ಒಂದರದು ತಗ್ಗು, ಒಂದರ ಬಾಲ ಮೇಲಕ್ಕೆ.

"ತಾತ, ಇವು ಎಲ್ಲ ಒಂದೇ ಥರ ಇಲ್ಲ."

ಪಿಳ್ಳಪ್ಪನಿಗೆ ಕಿವಿ ಬಿಸಿಯಾಯಿತು. ಎಲ್ಲವೂ ಒಂದೇ ಅಚ್ಚು ಎಂದು ಅವನು ಎಷ್ಟು ಜನರ ಮುಂದೆ ಹೇಳಿಕೊಂಡಿರಲಿಲ್ಲ! ಆ ವಿಮಾನ ಯಾವಾಗಲೂ ಎಡಕ್ಕೆ ವಾಲುತ್ತಿದ್ದದ್ದು, ತಾನು ಅದಕ್ಕೆ ಗಾಳಿಯನ್ನು ಬೈಯುತ್ತಿದ್ದದ್ದು ನೆನಪಾಯಿತು.

"ಇದರಲ್ಲಿ ಯಾವುದು ಸರಿ?" ಲಾವಣ್ಯ ಕೇಳಿದಳು. "ನೀವು ಹೇಳಿದ್ದನ್ನ ಎಲ್ಲದಕ್ಕೂ ಹಾಕ್ತೀನಿ."

ಇದನ್ನು ಮಿಷನ್ನು ಹೇಳುವಂತಿರಲಿಲ್ಲ. ಪಿಳ್ಳಪ್ಪ ಡಬ್ಬಿಯಿಂದ ಪಕ್ಕೆಗಳನ್ನು ತೆಗೆದು ಬಾಗಿಲ ಬೆಳಕಿಗೆ ಬಂದ. ಒಂದೊಂದರ ಬೆನ್ನನ್ನೂ ಹೆಬ್ಬೆರಳಲ್ಲಿ ಮೂತಿಯಿಂದ ಬಾಲದವರೆಗೆ ಸವರಿದ. ಬೆರಳು ನಡುಗುತ್ತಿತ್ತು, ಆದರೆ ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಗಾಳಿ ಎಡವುತ್ತದೆ ಎನ್ನುವುದು ಇನ್ನೂ ಗೊತ್ತಾಗುತ್ತಿತ್ತು. ಎರಡನ್ನು ಬದಿಗಿಟ್ಟ. ಮತ್ತೆ ಸವರಿದ. ಒಂದನ್ನು ಅವಳ ಅಂಗೈಯಲ್ಲಿಟ್ಟ.

"ಇದು. ಮಿಕ್ಕಿದ್ದೆಲ್ಲ ಇದರ ಹತ್ರ ಹೋಗೋಕೆ ನೋಡಿದವು."

ಆ ಒಂದು ಪಕ್ಕೆಯೇ ಪರದೆಯ ಮೇಲೆ ಹತ್ತಾಯಿತು, ಇಪ್ಪತ್ತಾಯಿತು. ತೊಲೆಯ ಚೂರೊಂದನ್ನು ಅವನು ಜೊತೆಗೆ ತಂದಿದ್ದ. ಲಾವಣ್ಯ ಮೊದಲು ಕಚ್ಚನ್ನು ಮಾತ್ರ ರದ್ದಿ ಹಲಗೆಯಲ್ಲಿ ಕೊಯ್ದು, ಅವನಿಗೆ ಕೊಟ್ಟು, "ಹಾಕಿ ನೋಡಿ" ಎಂದಳು. ಬಿಗಿಯಾಯಿತು. ಸ್ವಲ್ಪ ಬಿಡಿಸಿದಳು. ಸಡಿಲವಾಯಿತು. ನಡುವೆ ತಂದಳು. ತೊಲೆ ಒಳಗೆ ಸರಿದು ನಿಂತಿತು, ಒತ್ತಲೂ ಬೇಡ, ಬೀಳಲೂ ಇಲ್ಲ.

"ಈಗ ಕೊಯ್ಯಮ್ಮ" ಎಂದ ಪಿಳ್ಳಪ್ಪ.

ಈ ಸಲ ಅವನು ಮನೆ ಕಡೆ ತಿರುಗಲೇ ಇಲ್ಲ, ಬಸ್ಸಿಳಿದು ನೇರ ಪಂಪಿನ ಮನೆಗೆ ನಡೆದ. ತೊಲೆಗೆ ಮೊದಲ ಪಕ್ಕೆ ಪೋಣಿಸಿದ. ಕೈ ಅತ್ತಿತ್ತ ಆಡಿತು, ಕಚ್ಚು ಆಡಲಿಲ್ಲ. ತೊಲೆಯನ್ನು ಹಿಡಿದು ನಿಲ್ಲಿಸಿಕೊಂಡಿತು. ಎರಡನೆಯದು, ಮೂರನೆಯದು. ಒಂದೊಂದು ಪಕ್ಕೆಯೂ ತನ್ನ ಜಾಗಕ್ಕೆ ತಾನೇ ಹೋಗಿ ಕೂರುತ್ತಿತ್ತು. ಅಂಟು ಹಾಕುವಾಗ ಒಂದೆರಡು ಹನಿ ಪಂಚೆಗೂ ಬಿತ್ತು, ಬೀಳಲಿ. ಬಿಸಿಲು ಇಳಿಯುವ ಹೊತ್ತಿಗೆ ರೆಕ್ಕೆ ಹಲಗೆಯ ಮೇಲೆ ಮಲಗಿತ್ತು. ಒಂದು ಮೂಲೆ ಒತ್ತಿ ನೋಡಿದ. ಎದುರು ಮೂಲೆ ಏಳಲಿಲ್ಲ. ಇಷ್ಟು ವರ್ಷಗಳಲ್ಲಿ ಅವನ ಯಾವ ರೆಕ್ಕೆಯೂ ಹೀಗೆ ನೆಲಕ್ಕೆ ಅಂಟಿ ಮಲಗಿದ್ದಿಲ್ಲ. ಅದರಿಂದ ಅವನಿಗೆ ಸಂತೋಷವಾಯಿತು. ಒಂದು ಚೂರು ಹೊಟ್ಟೆಕಿಚ್ಚೂ ಆಯಿತು.

ಮೇಲೆ ಕಾಗದ ಹೊದಿಸಲು ಚೈತ್ರ ಬಂದಳು. ಅವಳ ಹುಳುಗಳು ಅಷ್ಟರಲ್ಲಿ ಗೂಡು ಕಟ್ಟಿ, ಗೂಡು ಮಾರ್ಕೆಟ್ಟಿಗೆ ಹೋಗಿ, ಮನೆ ತೊಳೆದಾಗಿತ್ತು. ಸುಟ್ಟ ವಾಸನೆಗೆ ಈಗ ತಕರಾರಿಲ್ಲ.

ಒಂದು ಬೆಳಿಗ್ಗೆ, ಬಿಸಿಲು ಏರಿದ್ದರೂ ಗಾಳಿ ಇನ್ನೂ ಎದ್ದಿರಲಿಲ್ಲ, ಪಿಳ್ಳಪ್ಪ ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದು ಕೆರೆಯ ಅಂಗಳಕ್ಕೆ ಇಳಿದ. ಹಿಂದೆ ಚೈತ್ರ. ಮುನಿಗಂಗಪ್ಪ ಮಂಡಿ ಹಿಡಿದುಕೊಂಡು ಕೆರೆಯ ಏರಿ ಇಳಿದು ಬಂದ. ಓಬಳಮ್ಮ "ನಂಗೇನು ಕೆಲ್ಸ ಅಲ್ಲಿ" ಎಂದವಳು ಕೆರೆ ಏರಿಯ ಮೇಲೆ ಸೆರಗು ಹೊದ್ದು ನಿಂತಿದ್ದಳು.

ರಬ್ಬರು ಸುತ್ತಿದ. ಸುತ್ತುವ ಕೆಲಸಕ್ಕೆ ನಡುಕ ಅಡ್ಡ ಬರುವುದಿಲ್ಲ. ಮೂತಿಯನ್ನು ಸ್ವಲ್ಪ ಮೇಲೆತ್ತಿ, ತಳ್ಳದೆ, ಸುಮ್ಮನೆ ಬೆರಳು ಬಿಟ್ಟ.

ವಿಮಾನ ಎಡಕ್ಕೆ ವಾಲಲಿಲ್ಲ, ಬಲಕ್ಕೆ ವಾಲಲಿಲ್ಲ. ನೆಟ್ಟಗೆ ಏರಿತು. ಫ್ಯಾನು ನಿಲ್ಲುವ ಹೊತ್ತಿಗೆ ತೆಂಗಿನ ಮರ ದಾಟಿತ್ತು. ಇನ್ನು ಇಳಿಯುತ್ತದೆ ಎಂದು ಎಲ್ಲರೂ ಕಾದರು. ಇಳಿಯಲಿಲ್ಲ. ಬಿಸಿಲಿಗೆ ಕಾದ ಅಂಗಳದಿಂದ ಗಾಳಿಯ ಒಂದು ಉಸಿರು ಮೇಲೆದ್ದಿತ್ತು. ಅದರ ಮೇಲೆ ಕೂತು ಹದ್ದಿನಂತೆ ಸುತ್ತು ಹಾಕತೊಡಗಿತು. ಒಂದೊಂದು ಸುತ್ತಿಗೂ ಇನ್ನಷ್ಟು ಮೇಲೆ. ಅಂಗೈಯಷ್ಟಾಯಿತು, ಎಲೆಯಷ್ಟಾಯಿತು, ಸಾಸಿವೆಯಷ್ಟಾಯಿತು.

"ಮಾವ, ಕರೆಸ್ಕೊಳ್ಳಿ ಮಾವ!" ಚೈತ್ರ ಕೂಗಿದಳು.

"ಹೇಗಮ್ಮ ಕರೆಸ್ಲಿ? ಅದಕ್ಕೇನು ದಾರ ಕಟ್ಟಿದೀನಾ?"

ಮುನಿಗಂಗಪ್ಪ ಕೈಯನ್ನು ಹಣೆಗೆ ಅಡ್ಡ ಹಿಡಿದು ಆಂಧ್ರದ ಕಡೆಯ ಗುಡ್ಡಗಳತ್ತ ಬೆರಳು ತೋರಿಸುತ್ತ ಹೋದ. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಏನೂ ಇರಲಿಲ್ಲ.

"ಹೋಯ್ತಲ್ಲೋ" ಎಂದ, ಸಾವಿನ ಮನೆಯ ದನಿಯಲ್ಲಿ. "ಅಷ್ಟು ಕಷ್ಟಪಟ್ಟು... ಇದ್ದಿದ್ದನ್ನೂ ಬಿಚ್ಚಿ ಹಾಕಿ... ಅಯ್ಯೋ ಪಿಳ್ಳಪ್ಪ."

ಪಿಳ್ಳಪ್ಪ ಕತ್ತು ನೋಯುವವರೆಗೆ ಬರಿ ಆಕಾಶ ನೋಡಿದ. ಹಿಂದಾಗಿದ್ದರೆ ಇಲ್ಲೇ ಕುಸಿದು ಕೂರುತ್ತಿದ್ದ; ಇನ್ನೊಂದಕ್ಕೆ ಕೈಯಿಲ್ಲ ಎಂಬ ಭಯದಲ್ಲಿ. ಈಗ ಆ ಭಯವನ್ನು ಹುಡುಕಿದರೂ ಸಿಗಲಿಲ್ಲ. ಅಂಗಿಯ ಜೇಬಿನಿಂದ ಫೋನು ತೆಗೆದು, ಸೊಸೆಯ ಕೈಗೆ ಕೊಟ್ಟು, ಚಿಂತಾಮಣಿಗೆ ಮಾಡು ಎಂದ. ಆ ಕಡೆ ಅಂಗಡಿಯ ಬಾಗಿಲು ಎತ್ತುವ ಸದ್ದು.

"ಲಾವಣ್ಯಮ್ಮ, ನಾನಮ್ಮ, ಸಾದಲಿ. ಆ ಪಕ್ಕೆ ಇನ್ನೊಂದ್ಸಲ ಕೊಯ್ಬೇಕಲ್ಲ."

"ಯಾಕೆ ತಾತ, ಮತ್ತೆ ಮುರೀತಾ?"

"ಇಲ್ಲಮ್ಮ. ಹೋಯ್ತು."

"ಎಲ್ಲಿಗೆ?"

"ಹೇಳ್ಲಿಲ್ಲ."

ಆ ಕಡೆ ಅವಳು ನಕ್ಕದ್ದು ಅಂಗಳದಲ್ಲಿ ನಿಂತವರಿಗೂ ಕೇಳಿತು. "ಆಯ್ತು ಬನ್ನಿ. ಎಷ್ಟು ಬೇಕು?"

ಪಿಳ್ಳಪ್ಪ ಮುನಿಗಂಗಪ್ಪನ ಸೋತ ಮುಖ ನೋಡಿದ, ಏರಿಯ ಮೇಲೆ ಇನ್ನೂ ಆಕಾಶದಲ್ಲಿ ಹುಡುಕುತ್ತಿದ್ದ ಓಬಳಮ್ಮನನ್ನು ನೋಡಿದ.

"ಎರಡು ವಿಮಾನಕ್ಕಾಗೋಷ್ಟು" ಎಂದ, ಬಸ್ಸಿಗೆ ಹೊತ್ತಾಯಿತೆಂದು ಏರಿ ಹತ್ತತೊಡಗಿದ.